ಡಲ್ಸಿಯ ಮೊದಲ ಭಾಷಣ

ಪೋಲ್ಕಾರಾ, ದಕ್ಷಿಣ ಆಸ್ಟ್ರೇಲಿಯಾ
ಗುರುವಾರ, 20 ಆಗಸ್ಟ್ 1981

ಪೋಲ್ಕಾರಾದ ಮಹಾಜನಗಳೇ!

ಮುಂದಿನ ಬೆಂಚಿನ ಹಿರಿಯರೇ, ಹಿಂದಿನ ಬೆಂಚಿನ ಪೋಲಿಗಳೇ, ಐದು ನಿಮಿಷ ಕೇಳಿ ಹೋಗೋಣವೆಂದು ಬಾಗಿಲಿಗೆ ಒರಗಿ ನಿಂತ ಗಣಿಯ ಗಂಡಸರೇ, ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡ ತಾಯಂದಿರೇ! ನನ್ನ ಧ್ವನಿ ಕೊನೆಯ ಗೋಡೆಗೆ ಮುಟ್ಟುತ್ತಿದೆಯೇ? ಮುಟ್ಟಲೇಬೇಕು. ನಲವತ್ತು ವರ್ಷ ಈ ಸಭಾಂಗಣದ ರಂಗದ ಮೇಲೆ ರಾಜನಾಗಿ, ಕಳ್ಳನಾಗಿ, ಪಾದ್ರಿಯಾಗಿ, ಒಂದು ಸಲ ದಾದಿಯಾಗಿಯೂ ಕೂಗಿದ ಗಂಟಲು ಇದು. ನೋಬಿ, ನಗಬೇಡ. ಆ ದಾದಿಗೆ ಅತಿ ಹೆಚ್ಚು ಚಪ್ಪಾಳೆ ಹೊಡೆದವನು ನೀನೇ.

ಇವತ್ತು ನಾಟಕವಿಲ್ಲ. ಬಾಯಿಪಾಠ ಮಾಡಿಕೊಂಡು ಬಂದರೆ ಎಲ್ಲಿ ನಟಿಸಿಬಿಡುತ್ತೇನೋ ಎಂಬ ಭಯದಿಂದ ಇದನ್ನು ನಿಮಗೊಂದು ಕಾಗದವಾಗಿ ಬರೆದು ತಂದಿದ್ದೇನೆ, ನೋಡಿ ಓದುತ್ತೇನೆ; ನಡುವೆ ಬಾಯಿಗೆ ಬಂದದ್ದನ್ನು ಸೇರಿಸಿದರೆ ಸಹಿಸಿಕೊಳ್ಳಿ.

ಶಾಲೆಯ ಹಿಂದೆ ಎಪ್ಪತ್ತು ಅಡಿ ಎತ್ತರಕ್ಕೆ ನಿಂತಿರುವ ಕೆಸರುಕಟ್ಟೆ ನಿಮಗೆಲ್ಲ ಗೊತ್ತು. ತಾಮ್ರ ತೆಗೆದು ಮಿಕ್ಕ ಕೆಸರನ್ನೆಲ್ಲ ಕಂಪನಿ ಅದರೊಳಗೆ ಸುರಿಯುತ್ತದೆ. ಅದನ್ನು ಇನ್ನೂ ಹನ್ನೆರಡು ಅಡಿ ಎತ್ತರಿಸಲು ನಾಳೆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಗಣಿ ಮಂತ್ರಿ ಸಹಿ ಹಾಕುತ್ತಾಳೆ. ಆ ಮಂತ್ರಿ ನಮ್ಮ ಡಲ್ಸಿ ಟ್ರೆವಾರೊ. ಈ ರಂಗದ ಮೇಲೆಯೇ ನಿಲ್ಲಲು ಕಲಿತ ಹುಡುಗಿ. ಅವಳು ನನಗೆ ಬರೆದದ್ದು, ನಾನು ಅವಳಿಗೆ ಬರೆದದ್ದು, ಎರಡೂ ನನ್ನ ಕೈಯಲ್ಲಿವೆ. ಅವಳ ಪಕ್ಷದ ಈ ಊರಿನ ಶಾಖೆಯ ಕಾರ್ಯದರ್ಶಿ ನಾನು. ಕಾರ್ಬನ್ ಹಾಳೆ ಇಡದೆ ಒಂದು ಸಾಲನ್ನೂ ಟೈಪು ಮಾಡಿದವನಲ್ಲ. ಅನುಕ್ರಮವಾಗಿ ಓದುತ್ತೇನೆ. ಮಧ್ಯೆ ಯಾರೂ ಏಳಬೇಡಿ.

•

ಪೋಲ್ಕಾರಾ
3 ಮಾರ್ಚ್ 1981

ಮಗಳೇ ಡಲ್ಸಿ,

ಮಂತ್ರಿಗಳ ಬಳಿ ಮೊದಲು ಕ್ಷೇಮ ಕೇಳಬೇಕಂತೆ, ಆಮೇಲೆ ಕೆಲಸದ ಮಾತು. ಕ್ಷೇಮವೇ? ಸರಿ. ಈಗ ಕೆಲಸದ ಮಾತು.

ಶಾಲೆಯ ಐಸ್ಲಾ ಟೀಚರ್ ಹಿತ್ತಲಲ್ಲಿ ಮಕ್ಕಳ ಕೈಯಿಂದ ಕೋಸು ಹಾಕಿಸಿದ್ದಾಳೆ. ಡಿಸೆಂಬರಿನಿಂದ ಈ ಊರಿಗೆ ಒಂದು ಹನಿ ಮಳೆಯಿಲ್ಲ. ಊರಿಗೆಲ್ಲ ನೀರಿನ ಮಿತಿ ಹಾಕಿದ್ದಾರೆ, ನನ್ನ ಗುಲಾಬಿ ಗಿಡ ಕಡ್ಡಿಯಾಗಿ ನಿಂತಿದೆ. ಶಾಲೆಯ ಕೋಸು ಮಾತ್ರ ಕೊಬ್ಬಿ ಕೂತಿದೆ. ‘ಯಾರು ಕದ್ದು ನೀರು ಹಾಕ್ತಾರೆ?’ ಎಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗದರಿಸಿದಳಂತೆ. ಯಾರೂ ಹಾಕಿಲ್ಲ. ನನ್ನನ್ನು ಕರೆದು ತೋರಿಸಿದಳು. ಮಣ್ಣಿಗೆ ಕೈ ಹಾಕಿದೆ; ತಣ್ಣಗೆ, ಮೊಣಕೈವರೆಗೆ ಒದ್ದೆ. ತಲೆಯೆತ್ತಿ ನೋಡಿದರೆ ಎದುರಿಗೆ ಕಟ್ಟೆಯ ಗೋಡೆ. ಬುಡದಿಂದ ಆಳೆತ್ತರಕ್ಕೆ ಬಣ್ಣ ಕಪ್ಪಾಗಿದೆ, ಜ್ವರ ಬಿಟ್ಟವನ ಬೆನ್ನಿನ ಅಂಗಿಯ ಹಾಗೆ.

ನೋಬಿಯ ಪಬ್ಬಿನಲ್ಲಿ ಹೇಳಿದರೆ ನಗುತ್ತಾರೆ. ‘ಏನೋ ಕ್ಲಾರಿ, ನಾಟಕ ಇಲ್ದೆ ಕೈ ಕಡೀತಿದ್ಯಾ? ಕೋಸು ನೋಡಿ ಅಳೋಕೆ ಶುರು ಮಾಡಿದ್ಯಲ್ಲೋ!’ ಎಂದ ನೋಬಿ. ‘ನಿನ್ನ ಮಿನಿಸ್ಟರಮ್ಮಂಗೆ ಬರಿ, ಬಂದು ಪಲ್ಯ ಮಾಡ್ಕೊಂಡು ಹೋಗ್ಲಿ’ ಎಂದ ಇನ್ನೊಬ್ಬ. ಬರೆಯುತ್ತಿದ್ದೇನೆ. ಶಾಲೆಯಲ್ಲಿ ಎಂಬತ್ತನಾಲ್ಕು ಮಕ್ಕಳಿದ್ದಾರೆ. ಇಲಾಖೆಯಿಂದ ಒಬ್ಬ ಇಂಜಿನಿಯರನನ್ನು ಕಳಿಸು.

ನಿನ್ನ
ಕ್ಲಾರಿ ಮಾಮ

•

ಅಡಿಲೇಡ್
16 ಮಾರ್ಚ್ 1981

ಪ್ರೀತಿಯ ಕ್ಲಾರಿ ಮಾಮ,

ನಿನ್ನ ಕಾಗದವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಅದನ್ನು ಮನಸ್ಸಿನಲ್ಲೇ ಓದಿಕೊಳ್ಳುವುದು ಸಾಧ್ಯವೇ ಇಲ್ಲ. ಕಾಗದದೊಳಗಿಂದ ನೀನೇ ಕೂಗುತ್ತೀಯ. ಆಪ್ತ ಕಾರ್ಯದರ್ಶಿ ಓಡಿ ಬಂದ, ನಾನು ಯಾರಿಗೋ ಬೈಯುತ್ತಿದ್ದೇನೆಂದು.

ಫ್ರಿಕರ್ ಎಂಬ ಇಂಜಿನಿಯರ್ ಬರುತ್ತಾನೆ. ಮಾತು ಕಡಿಮೆ, ಕೆಲಸ ಗಟ್ಟಿ. ಅವನಿಗೆ ನಿನ್ನ ಕೈಯ ಮಾಂಸದ ಕಡುಬು, ಆ ಪೇಸ್ಟಿ ಕೊಡು, ಭಾಷಣ ಕೊಡಬೇಡ.

ಕಳೆದ ವಾರ ಸದನದಲ್ಲಿ ಎದುರು ಪಕ್ಷದವನೊಬ್ಬ ನನ್ನನ್ನು ‘ಗಣಿ ಊರಿನ ಟೈಪಿಸ್ಟ್’ ಎಂದ. ಹೌದು ಎಂದೆ. ಹದಿನಾರಕ್ಕೆ ಕಾರ್ಮಿಕ ಸಂಘದಲ್ಲಿ ಟೈಪಿಸ್ಟ್, ಇಪ್ಪತ್ತಾರಕ್ಕೆ ಪುರಸಭೆ, ಮೂವತ್ತಕ್ಕೆ ಈ ಬೆಂಚು, ಮಾನ್ಯರ ತಂದೆ ಈ ಬೆಂಚನ್ನು ಅವರಿಗೆ ಯಾವ ವಯಸ್ಸಿನಲ್ಲಿ ಕೊಡಿಸಿದರು ಎಂದು ಕೇಳಿದೆ. ಸಭಾಧ್ಯಕ್ಷರೇ ನಕ್ಕುಬಿಟ್ಟರು. ‘ಕೊನೇ ಬೆಂಚಿನ ಕಿವುಡಜ್ಜಿಗೆ ಹೇಳೇ, ಮುಂದಿನವರಿಗೆ ತಾನಾಗೇ ಕೇಳ್ಸುತ್ತೆ’ ಎಂದು ನೀನು ಖಾಲಿ ಸಭಾಂಗಣದಲ್ಲಿ ನನ್ನನ್ನು ನಿಲ್ಲಿಸಿ ಕಿರುಚಿಸುತ್ತಿದ್ದೆಯಲ್ಲ, ಇಂದಿಗೂ ಮಾತಾಡಲು ಎದ್ದಾಗ ಮೊದಲು ಆ ಅಜ್ಜಿಯನ್ನೇ ಹುಡುಕುತ್ತೇನೆ.

ನಿನ್ನ
ಡಲ್ಸಿ

•

ಪೋಲ್ಕಾರಾ
29 ಏಪ್ರಿಲ್ 1981

ಮಗಳೇ,

ಫ್ರಿಕರ್ ಬಂದು ಹೋದ. ಮೂರು ದಿನ ಗೋಡೆಯ ಮೇಲೆ ಇರುವೆಯ ಹಾಗೆ ಹರಿದಾಡಿದ. ಕೊನೆಯ ದಿನ ಕಬ್ಬಿಣದ ಸಲಾಕೆಯೊಂದನ್ನು ಗೋಡೆಗೆ ಹೊಡೆದ. ಬಿಗಿಯಾದ ಮಣ್ಣಿಗೆ ಸುತ್ತಿಗೆ ಬೀಳಬೇಕು, ಅಲ್ಲವೇ? ಒಂದೇ ಏಟಿಗೆ ಮೂರು ಅಡಿ ಒಳಗೆ ಹೋಯಿತು. ಆಮೇಲೆ ಅವನು ಬರಿಗೈಯಲ್ಲಿ ಒತ್ತಿದ. ಅದು ಹೋಗುತ್ತಲೇ ಇತ್ತು.

ಮನೆಗೆ ಕರೆದು ಪೇಸ್ಟಿ ಕೊಟ್ಟೆ. ತಿನ್ನಲಿಲ್ಲ. ತಟ್ಟೆ ನೋಡುತ್ತ ಕೂತ.

‘ಏನಪ್ಪಾ ಫ್ರಿಕರ್, ಉಪ್ಪು ಜಾಸ್ತಿಯಾಯ್ತಾ?’ ಎಂದೆ.

‘ನಿಮ್ಮ ಮೊಮ್ಮಕ್ಕಳು ಯಾರಾದ್ರೂ ಆ ಶಾಲೇಲಿದಾರಾ ಸಾರ್?’

‘ನಂಗೆ ಮದುವೇನೇ ಆಗಿಲ್ಲ ಮಾರಾಯ.’

‘ಒಳ್ಳೇದಾಯ್ತು’ ಎಂದ. ಅಷ್ಟೇ. ಟೋಪಿ ಹಾಕಿಕೊಂಡು ಹೊರಟುಹೋದ.

ಡಲ್ಸಿ, ನಲವತ್ತು ವರ್ಷ ಪ್ರೇಕ್ಷಕರ ಮುಖ ಓದಿದ್ದೇನೆ. ಆ ಮನುಷ್ಯ ಹೆದರಿದ್ದಾನೆ. ಚಳಿಗಾಲದ ಮಳೆ ಇನ್ನು ಆರು ವಾರದಲ್ಲಿ ಶುರು.

ಕ್ಲಾರಿ ಮಾಮ

•

ಅಡಿಲೇಡ್
20 ಮೇ 1981

ಪ್ರೀತಿಯ ಮಾಮ,

ಫ್ರಿಕರ್‌ನ ವರದಿ ನನ್ನ ಮೇಜಿನ ಮೇಲಿದೆ. ಒಂದಡಿಯೂ ಎತ್ತರಿಸಬಾರದು, ಒಳಗಿನ ನೀರನ್ನು ಬಸಿಯಬೇಕು, ಅಲ್ಲಿಯವರೆಗೆ ಶಾಲೆಯನ್ನು ಬೇರೆಡೆಗೆ ಸಾಗಿಸಬೇಕು ಎಂದಿದ್ದಾನೆ. ಕಂಪನಿಯೋ, ಎತ್ತರಿಸದಿದ್ದರೆ ಗಣಿಯನ್ನೇ ಮುಚ್ಚುತ್ತೇವೆ ಎನ್ನುತ್ತಿದೆ. ನಾನು ವರದಿಯ ಪರವಾಗಿ ಆದೇಶ ಬರೆಯಲು ಕೂತಿದ್ದೆ. ಆಗ ಕಂಪನಿಯ ಆರ್ಮಿಸ್ಟನ್ ಬಂದ.

ಬೆದರಿಸಲಿಲ್ಲ, ಮಾಮ. ಚಹಾ ಕುಡಿದ, ಎರಡು ಚಮಚ ಸಕ್ಕರೆ ಕೇಳಿದ, ತನ್ನ ಮಗಳ ಮದುವೆಯ ಮಾತಾಡಿದ. ‘ನಿಮ್ಮ ಮೊದಲ ಭಾಷಣ ಎಷ್ಟು ಚೆನ್ನಾಗಿತ್ತು ಮೇಡಂ, ನಮ್ಮ ಕಚೇರಿಯಲ್ಲಿ ಅದರ ಪ್ರತಿ ಇಟ್ಟಿದ್ದೇವೆ’ ಎಂದ. ಮೊದಲ ಭಾಷಣಕ್ಕೆ ಯಾರೂ ಅಡ್ಡ ಮಾತಾಡಬಾರದೆಂಬ ಸದನದ ರೂಢಿ ನಿನಗೆ ಗೊತ್ತಲ್ಲ. ಎಪ್ಪತ್ತರ ಇಸವಿಯಲ್ಲಿ ನಾನು ಅಲ್ಲಿ ನಿಂತು, ನನ್ನಪ್ಪ ವೆಸ್ ಟ್ರೆವಾರೊ ಮತ್ತು ಇನ್ನಿಬ್ಬರು ನೆಲದಡಿಯ ಬೆಂಕಿಯಲ್ಲಿ ಹೇಗೆ ಸತ್ತರು ಎಂದು ಹೇಳಿದಾಗ ಒಬ್ಬರೂ ಕೆಮ್ಮಲಿಲ್ಲ. ಆ ಇಪ್ಪತ್ತು ನಿಮಿಷವೇ ನನ್ನನ್ನು ಇಲ್ಲಿಯವರೆಗೆ ಹೊತ್ತು ತಂದದ್ದು. ಅದೇ ಭಾಷಣವನ್ನು ಹೊಗಳಿ ಆರ್ಮಿಸ್ಟನ್ ಒಂದು ಕಂದು ಲಕೋಟೆಯನ್ನು ಮೇಜಿನ ಮೇಲಿಟ್ಟ, ಬೆರಳಿನಿಂದ ಎರಡು ಸಲ ತಟ್ಟಿದ, ಮತ್ತೆ ಜೇಬಿಗೆ ಹಾಕಿಕೊಂಡು ಹೋದ.

ಒಂದೇ ಪ್ರಶ್ನೆ ಮಾಮ. ಅಂದು ಗಣಿಗಾರರ ಹಾಜರಿಯ ಬಿಲ್ಲೆ ಹಲಗೆಯ ಬಳಿ ಇದ್ದದ್ದು ಯಾರು? ಸತ್ತ ಮೂವರ ಬಿಲ್ಲೆಗಳನ್ನು ‘ಒಳಗೆ’ ಸಾಲಿನಿಂದ ‘ಹೊರಗೆ’ ಸಾಲಿಗೆ ಸರಿಸಿದ್ದು ‘ಕಂಪನಿಯ ಕೈ’ ಎಂದು ಭಾಷಣದಲ್ಲಿ ನೀನೇ ಬರೆದುಕೊಟ್ಟೆ. ಇಷ್ಟು ವರ್ಷ ಅದನ್ನೇ ಹೇಳಿದೆ. ಆ ಕೈಗೆ ಒಂದು ಹೆಸರಿರಬೇಕಲ್ಲ.

ನಿನ್ನ
ಡಲ್ಸಿ

•

ಪೋಲ್ಕಾರಾ
2 ಜೂನ್ 1981

ಮಗಳೇ,

ಆಹಾ, ನಲವತ್ತೊಂಬತ್ತರ ಸೆಪ್ಟೆಂಬರ್! ಫುಟ್‌ಬಾಲ್ ಅಂತಿಮ ಪಂದ್ಯದ ಶನಿವಾರ! ಮೈದಾನದಲ್ಲಿ ನಿಮ್ಮಮ್ಮ ಇಲ್ಮಾ ಪೇಸ್ಟಿ ಮಾರುತ್ತಿದ್ದಳು. ನೀನು ಒಂಬತ್ತರ ಹುಡುಗಿ, ಅಪ್ಪನಿಗೆಂದು ತೆಗೆದಿಟ್ಟ ಪೇಸ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಗೇಟಿನ ಬಳಿ ನಿಂತಿದ್ದೆ. ಅಂದು ಸಂಜೆ ನಮ್ಮ ನಾಟಕ. ನಾನು ರಾಜ! ಕೆಂಪು ಪರದೆಯನ್ನು ಹೊಲಿದು ಮಾಡಿದ ನಿಲುವಂಗಿ, ಬಿಸ್ಕತ್ತಿನ ಡಬ್ಬಿ ಕತ್ತರಿಸಿದ ಕಿರೀಟ. ಆ ನಾಟಕ ಆಗಲೇ ಇಲ್ಲ. ಊರು ಊರೇ ಗಣಿಯ ಬಾಯಿಗೆ ಓಡಿತು.

ಹಳೆಯ ಮಾತು ಬಿಡು. ಆರ್ಮಿಸ್ಟನ್‌ನಂಥವರು ಖಾಲಿ ಲಕೋಟೆ ತಟ್ಟುವುದರಲ್ಲಿ ನಿಸ್ಸೀಮರು. ಇಲ್ಲಿ ನಿನ್ನೆ ಮೊದಲ ಮಳೆ. ಗೋಡೆಯ ಕಪ್ಪು ಈಗ ಎರಡಾಳೆತ್ತರ. ಆದೇಶ ಯಾವಾಗ?

ಕ್ಲಾರಿ ಮಾಮ

•

ಅಡಿಲೇಡ್
19 ಜೂನ್ 1981

ಮಾಮ,

ನೀನು ಕಿರೀಟದ ಡಬ್ಬಿಯ ಬಗ್ಗೆ ಬರೆದೆ. ನನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ.

ಹಲಗೆಯ ಬಳಿ ಯಾರಿದ್ದರು?

ಡಲ್ಸಿ

•

ಪೋಲ್ಕಾರಾ
6 ಜುಲೈ 1981

ಮಗಳೇ ಡಲ್ಸಿ,

ಹಟಮಾರಿ ನೀನು, ಅಪ್ಪನ ಹಾಗೆಯೇ. ಸರಿ, ಕೇಳು. ಹಾಜರಿ ಕಚೇರಿಯಲ್ಲಿ ಗುಮಾಸ್ತರು ಮೂವರಿದ್ದೆವು. ನಾನು ಬೆಳಿಗ್ಗೆಯೇ ರಜೆ ಹೇಳಿ ಸಭಾಂಗಣಕ್ಕೆ ಬಂದಿದ್ದೆ, ಪರದೆ ಕಟ್ಟಲು. ಹೆರಾಲ್ಡ್ ಎಡ್ಡಿ ಸಂಬಳದ ಕಿಟಕಿಯಲ್ಲಿದ್ದ. ಹಲಗೆಯ ಬಳಿ ಇದ್ದವನು ಜೇಬೆಸ್ ರೂಲ್. ಪಾಪ, ಸತ್ತು ಹದಿನೈದು ವರ್ಷವಾಯಿತು. ಮ್ಯಾನೇಜರ್ ಹೇಳಿದ್ದಕ್ಕೆ ಸರಿಸಿರಬೇಕು. ಸತ್ತವನ ಹೆಸರು ಎತ್ತುವುದು ಬೇಡವೆಂದು ಇಷ್ಟು ದಿನ ಸುಮ್ಮನಿದ್ದೆ.

ಮಳೆ ನಿಂತಿಲ್ಲ. ಶಾಲೆಯ ಹಿತ್ತಲಲ್ಲಿ ಕೋಸು ಕೊಳೆತಿದೆ. ಆಟದ ಮೈದಾನದಲ್ಲಿ ನಡೆದರೆ ನೆಲ ಕಾಲನ್ನು ಹಿಡಿದುಕೊಂಡು ಬಿಡುತ್ತದೆ. ‘ಸಾರ್, ಇಲ್ಲಿ ಕುಣಿದ್ರೆ ಅಲ್ಲಿ ಅಲ್ಲಾಡುತ್ತೆ!’ ಎಂದು ಮಕ್ಕಳು ನನ್ನ ಮುಂದೆಯೇ ಕುಣಿದು ತೋರಿಸಿದವು. ಅವಕ್ಕೆ ಖುಷಿ.

ಆದೇಶ ಹೊರಡಿಸು ತಾಯಿ.

ಕ್ಲಾರಿ ಮಾಮ

•

ಅಡಿಲೇಡ್
27 ಜುಲೈ 1981

ಮಾನ್ಯ ಪೆನ್‌ಬರ್ತಿಯವರೇ,

ಹಾಗೆ ಬರೆದು ನೋಡಿದೆ. ಕೈ ಬರಲಿಲ್ಲ. ಮಾಮ ಎಂದೇ ಬರೆಯುತ್ತೇನೆ.

ಆರ್ಮಿಸ್ಟನ್ ಲಕೋಟೆಯನ್ನು ತೆರೆದ. ಹೆರಾಲ್ಡ್ ಎಡ್ಡಿ ಸಾಯುವ ಮುಂಚೆ ಬರೆದು ಸಹಿ ಮಾಡಿಕೊಟ್ಟ ಹೇಳಿಕೆ ಅದು. ನಾನು ನಂಬಲಿಲ್ಲ. ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದು, ‘ಜೇಬೆಸ್ ರೂಲ್!’ ಎಂದು ಅವನ ಮುಖಕ್ಕೇ ಹೇಳಿದೆ. ನೀನು ಕಲಿಸಿದ ಧ್ವನಿಯಲ್ಲಿಯೇ ಹೇಳಿದೆ. ಆರ್ಮಿಸ್ಟನ್ ಸ್ವಲ್ಪ ನಾಚಿಕೊಂಡಂತೆ ಇನ್ನೊಂದು ಹಾಳೆ ಮುಂದಿಟ್ಟ. ಜೇಬೆಸ್ ರೂಲ್ ಆ ಇಡೀ ತಿಂಗಳು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

ಆ ರಾತ್ರಿಯಿಂದ ನನ್ನ ಮೊದಲ ಭಾಷಣವನ್ನು ಎಷ್ಟು ಸಲ ಓದಿದೆನೋ. ಒಂದೊಂದು ಪದವೂ ನಿನ್ನದು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಕೂತು ನೀನು ಬರೆದೆ, ಅಮ್ಮನ ಫೋಟೊದ ಕೆಳಗೆ. ‘ಕಂಪನಿಯ ಕೈ’ ಎಂಬಲ್ಲಿ ಒಂದು ಕ್ಷಣ ನಿಲ್ಲು, ಆಮೇಲೆ ಕೈ ಎತ್ತು ಎಂದು ತೋರಿಸಿಕೊಟ್ಟೆ. ನಾನು ನಿಂತೆ, ಎತ್ತಿದೆ.

ನಾನು ಸಹಿ ಹಾಕಿದರೆ ಲಕೋಟೆ ಕಪಾಟು ಸೇರುತ್ತದೆ. ಹಾಕದಿದ್ದರೆ ಮರುದಿನ ಪತ್ರಿಕೆಗೆ. ಸದನಕ್ಕೆ ಸುಳ್ಳು ಹೇಳಿದ ಮಂತ್ರಿ, ಸುಳ್ಳು ಬರೆದುಕೊಟ್ಟ ಕಾರ್ಯದರ್ಶಿ. ನಿನ್ನನ್ನು ಉಳಿಸಲು ಸಹಿ ಹಾಕುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿಜವಿರಬಹುದು. ಮಂತ್ರಿ ಪದವಿಗೆ ಎರಡೇ ವರ್ಷ ಆಗಿದೆ ಎಂಬುದೂ ನಿಜ. ಆಗಸ್ಟ್ 21, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಸಹಿ. ಬೇರೆ ಇಂಜಿನಿಯರ್ ಒಬ್ಬ ಗೋಡೆ ಗಟ್ಟಿಯಾಗಿದೆ ಎಂದು ಬರೆದುಕೊಟ್ಟಿದ್ದಾನೆ. ಅವನು ಪೋಲ್ಕಾರಾಕ್ಕೆ ಬಂದೇ ಇಲ್ಲ.

ಅಮ್ಮನಿಗೆ ಗೊತ್ತಿತ್ತೇ? ಇದೊಂದನ್ನು ಹೇಳು. ಮತ್ತೆ ಈ ಕಾಗದಗಳನ್ನೆಲ್ಲ ಸುಟ್ಟುಬಿಡು.

ಡಲ್ಸಿ ಟ್ರೆವಾರೊ

•

ಪೋಲ್ಕಾರಾ
5 ಆಗಸ್ಟ್ 1981

ಡಲ್ಸಿ,

ಇಲ್ಮಾಳಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ನಾಲ್ಕು ಸಲ ಅವಳ ಬಾಗಿಲಿಗೆ ಹೋದೆ. ನಾಲ್ಕು ಸಲವೂ ಚಹಾ ಕೊಟ್ಟಳು.

ಸಹಿ ಹಾಕಬೇಡ. ನಾನೇ ಹೇಳಿಬಿಡುತ್ತೇನೆ.

ಕ್ಲಾರಿ

•

ಗಣಿ ಮಂತ್ರಿಗಳ ಕಚೇರಿ, ಅಡಿಲೇಡ್
13 ಆಗಸ್ಟ್ 1981

ಮಾನ್ಯರೇ,

ತಮ್ಮ 5ನೆಯ ತಾರೀಖಿನ ಪತ್ರ ತಲುಪಿದೆ. 1949ರ ವಿಚಾರಣೆ ಮುಗಿದ ಅಧ್ಯಾಯವಾಗಿದ್ದು, ಅದರ ಬಗ್ಗೆ ಈ ಕಚೇರಿ ಪತ್ರವ್ಯವಹಾರ ನಡೆಸುವುದಿಲ್ಲ ಎಂದು ತಿಳಿಸಲು ಮಂತ್ರಿಗಳು ಸೂಚಿಸಿದ್ದಾರೆ. ಪೋಲ್ಕಾರಾ ಶಾಲೆಯ ಕುರಿತು: ಮುನ್ನೆಚ್ಚರಿಕೆಯಾಗಿ ಆಟದ ಮೈದಾನದ ಬೇಲಿಯನ್ನು ಕಟ್ಟೆಯಿಂದ ಇನ್ನೂ ಇಪ್ಪತ್ತು ಗಜ ದೂರಕ್ಕೆ ಸರಿಸಲಾಗುವುದು.

ತಮ್ಮ ವಿಧೇಯ,
ಆಪ್ತ ಕಾರ್ಯದರ್ಶಿ
(ಮಂತ್ರಿಗಳ ಪರವಾಗಿ)

•

ಸಭಾಂಗಣ, ಪೋಲ್ಕಾರಾ
ಗುರುವಾರ, 20 ಆಗಸ್ಟ್ 1981

ಮಹಾಜನಗಳೇ,

ಕೇಳಿದಿರಲ್ಲ. ಇಪ್ಪತ್ತು ಗಜ! ಎಪ್ಪತ್ತು ಅಡಿ ಕೆಸರು ಕೆಳಗಿಳಿದು ಬಂದಾಗ ಬೇಲಿಯನ್ನು ಕಂಡು, ಓಹೋ, ಇಲ್ಲಿ ನಿಲ್ಲಬೇಕಂತೆ ಎಂದು ನಿಲ್ಲುತ್ತದೆಯೇ?

ನಾನು ಕೂಗುತ್ತಿದ್ದೇನೆ. ಕ್ಷಮಿಸಿ. ಮೆಲ್ಲಗೆ ಓದಬೇಕಾದ ಭಾಗ ಇದು.

1949ರ ಸೆಪ್ಟೆಂಬರ್ 10. ನಿಯಮದ ಪ್ರಕಾರ ಪ್ರತಿಯೊಬ್ಬ ಗಣಿಗಾರನೂ ಇಳಿಯುವಾಗ ತನ್ನ ಹಿತ್ತಾಳೆ ಬಿಲ್ಲೆಯನ್ನು ತಾನೇ ‘ಒಳಗೆ’ ಸಾಲಿಗೆ ಹಾಕಬೇಕು, ಮೇಲೆ ಬಂದ ಮೇಲೆ ತಾನೇ ‘ಹೊರಗೆ’ ಸಾಲಿಗೆ ಸರಿಸಬೇಕು. ಆದರೆ ಅಂತಿಮ ಪಂದ್ಯದ ಶನಿವಾರ ನಾವೇನು ಮಾಡುತ್ತಿದ್ದೆವು? ಹೇಳಿ! ಇಲ್ಲಿರುವ ನರೆತ ತಲೆಗಳಿಗೆಲ್ಲ ಗೊತ್ತು. ನೂರಿಪ್ಪತ್ತು ಗಂಡಸರು ಒಂದೇ ಹಲಗೆಯ ಮುಂದೆ ಸಾಲು ನಿಂತರೆ ಪಂದ್ಯದ ಮೊದಲ ಭಾಗ ತಪ್ಪಿಹೋಗುತ್ತಿತ್ತು. ಅದಕ್ಕೆ ಹನ್ನೆರಡರ ಸೈರನ್ ಆಗುತ್ತಿದ್ದಂತೆ ಹಾಜರಿ ಕಚೇರಿಯವನು ಎಲ್ಲರ ಬಿಲ್ಲೆಗಳನ್ನೂ ಒಟ್ಟಿಗೆ ಸರಿಸಿಬಿಡುತ್ತಿದ್ದ. ಮೇಲೆ ಬಂದ ಲಿಫ್ಟಿನ ಬೋನಿನಿಂದ ಇಳಿದವರು ನೇರ ಮೈದಾನಕ್ಕೆ. ವರ್ಷ ವರ್ಷವೂ ಹಾಗೆಯೇ ನಡೆಯಿತು. ವರ್ಷ ವರ್ಷವೂ ಎಲ್ಲರೂ ಮೇಲೆ ಬಂದಿದ್ದರು.

‘ಕ್ಲಾರಿ, ನಂದೂ ಸರಿಸೋ’ ಎಂದು ಅಂದು ಬೆಳಿಗ್ಗೆ ಇಳಿಯುವಾಗ ನನಗೆ ಹೇಳಿ ಹೋದವರಲ್ಲಿ ಹನ್ನೊಂದು ಜನ ಈಗ ಈ ಸಭಾಂಗಣದಲ್ಲಿ ಕೂತಿದ್ದೀರಿ. ತಲೆ ತಗ್ಗಿಸಬೇಡಿ. ನಾನು ನಿಮ್ಮನ್ನು ಹೆಸರು ಹಿಡಿದು ಕರೆಯುವುದಿಲ್ಲ.

ಹೌದು. ನಾನೇ. ಬೆಳಿಗ್ಗೆ ರಜೆ ಹೇಳಿರಲಿಲ್ಲ. ಹಲಗೆಯ ಬಳಿ ಇದ್ದೆ. ಸೈರನ್ ಆಗುವವರೆಗೂ ಕಾಯಲಿಲ್ಲ. ಕಿರೀಟಕ್ಕೆ ಇನ್ನೂ ಬಣ್ಣ ಬಳಿದಿರಲಿಲ್ಲ; ಸಂಜೆಯೊಳಗೆ ಒಣಗಬೇಕಿತ್ತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಎರಡೂ ಕೈಯಲ್ಲಿ ಎಲ್ಲ ಬಿಲ್ಲೆಗಳನ್ನೂ ಬಾಚಿ ಸರಿಸಿ ಇಲ್ಲಿಗೆ ಓಡಿ ಬಂದೆ. ಹೆರಾಲ್ಡ್ ಎಡ್ಡಿ ಸಂಬಳದ ಕಿಟಕಿಯಿಂದ ನೋಡಿದ. ನಕ್ಕು ಕೈ ಬೀಸಿದ.

ಕೆಳಗೆ ವೆಸ್ ಟ್ರೆವಾರೊ, ಸ್ಯಾಮ್ ಗೋಲ್ಡ್ಸ್‌ವರ್ದಿ, ಲೂಯಿ ಬಾರ್ಬೆಟ್ಟಿ ಉಳಿದಿದ್ದರು. ಸೋಮವಾರದ ಪಾಳಿಯವರ ತಲೆಯ ಮೇಲೆ ಕಲ್ಲು ಬೀಳದಿರಲೆಂದು ಒಂದು ಮರದ ಆಸರೆ ಕಂಬ ನಿಲ್ಲಿಸುತ್ತಿದ್ದರು. ಹನ್ನೆರಡೂ ಮುಕ್ಕಾಲಿಗೆ ಹೊಗೆ ಕಂಡಿತು. ಮ್ಯಾನೇಜರ್ ಓಡಿ ಬಂದು ಹಲಗೆ ನೋಡಿದ. ಎಲ್ಲರೂ ಹೊರಗೆ. ಬೆಂಕಿಗೆ ಗಾಳಿ ಸಿಗದಂತೆ ಕಬ್ಬಿಣದ ಬಾಗಿಲುಗಳನ್ನು ಮುಚ್ಚಿಸಿದ. ಅವನ ತಪ್ಪಿರಲಿಲ್ಲ. ಮೈದಾನದ ಗೇಟಿನಲ್ಲಿ ಡಲ್ಸಿ ಪೇಸ್ಟಿ ಹಿಡಿದು ನಿಂತಿದ್ದಳು. ‘ಅಮ್ಮಾ, ತಣ್ಣಗಾಗ್ತಿದೆ, ಅಪ್ಪ ಎಲ್ಲಿ?’ ಎಂದು ಅವಳು ಮೂರನೆಯ ಸಲ ಕೇಳಿದ ಮೇಲೆಯೇ ಊರಿಗೆ ಅನುಮಾನ ಬಂದದ್ದು.

ವಿಚಾರಣೆಯಲ್ಲಿ ನಾನು ಪ್ರಮಾಣ ಮಾಡಿ ಹೇಳಿದೆ, ಬೆಳಿಗ್ಗೆಯಿಂದ ಸಭಾಂಗಣದಲ್ಲಿದ್ದೆನೆಂದು. ಹೆರಾಲ್ಡ್ ಸುಮ್ಮನಿದ್ದ. ಹಲಗೆಯ ರೂಢಿಯ ಬಗ್ಗೆ ಈ ಊರಿನ ಒಬ್ಬನೂ ಬಾಯಿ ಬಿಡಲಿಲ್ಲ. ಮೂವರೂ ಬಿಲ್ಲೆ ಸರಿಸಿ, ನಿಯಮ ಮುರಿದು ಮತ್ತೆ ಇಳಿದರು ಎಂದು ತೀರ್ಪು ಬಂತು. ತಪ್ಪು ಸತ್ತವರದ್ದು, ಹಾಗಾಗಿ ವಿಧವೆಯರಿಗೆ ಪರಿಹಾರವಿಲ್ಲ. ಇಲ್ಮಾ ಇಪ್ಪತ್ತು ವರ್ಷ ಪರರ ಬಟ್ಟೆ ಒಗೆದಳು. ಅವಳ ಮಗಳಿಗೆ ನಾನು ಮಾತು ಕಲಿಸಿದೆ. ಟೈಪು ಕಲಿಸಿದೆ. ನಲವತ್ತೊಂದು ಸದಸ್ಯರ ಶಾಖೆಯಲ್ಲಿ ಮನೆಮನೆಗೆ ಅಲೆದು ಮೂರು ಮತಗಳ ಅಂತರದಲ್ಲಿ ಅವಳಿಗೆ ಪಕ್ಷದ ಟಿಕೆಟ್ ಗಿಟ್ಟಿಸಿಕೊಟ್ಟೆ. ಮತಗಟ್ಟೆಯ ಬಾಗಿಲಲ್ಲಿ ಬಿಸಿಲಲ್ಲಿ ನಿಂತು, ಮತಪತ್ರದಲ್ಲಿ ಯಾರ ಹೆಸರಿನ ಮುಂದೆ ಒಂದು, ಯಾರ ಹೆಸರಿನ ಮುಂದೆ ಎರಡು ಬರೆಯಬೇಕೆಂಬ ಚೀಟಿ ಹಂಚಿದೆ. ಎಂಥ ನಿಷ್ಠೆಯ ಮುದುಕ ಎಂದಿರಿ ನೀವು. ಋಣ ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಅವಳಿಗೆ ಕೊಟ್ಟದ್ದು ಒಂದು ಸುಳ್ಳು. ಅದರ ಮೇಲೆ ಅವಳು ಹನ್ನೊಂದು ವರ್ಷ ಮನೆ ಕಟ್ಟಿದಳು. ಈಗ ಕಂಪನಿ ಬಂದು ಬಾಡಿಗೆ ಕೇಳುತ್ತಿದೆ.

‘ಕಟ್ಟೆ ಎತ್ತರಿಸ್ದೆ ಇದ್ರೆ ಗಣಿ ಮುಚ್ತಾರೆ ಕಣೋ ಕ್ಲಾರಿ, ನಾವು ಏನು ತಿನ್ನೋಣ?’ ಎಂದು ನೋಬಿ ನಿನ್ನೆ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ನೋಬಿ, ಪಬ್ಬಿನಿಂದ ಹೊರಟು ಇಲ್ಲಿಗೆ ಬರುವಾಗ ನೀನು ಶಾಲೆಯ ಮುಂದಿನ ರಸ್ತೆಯಲ್ಲಿ ಬರಲಿಲ್ಲ. ಸುತ್ತು ಹಾಕಿಕೊಂಡು ಚರ್ಚಿನ ಕಡೆಯಿಂದ ಬಂದೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನೀವೆಲ್ಲರೂ ಹಾಗೆಯೇ ಬಂದಿರಿ. ಯಾಕೆ? ಯಾರೂ ಯಾರಿಗೂ ಹೇಳಿರಲಿಲ್ಲವಲ್ಲ?

ಇವತ್ತು ಮಧ್ಯಾಹ್ನ ಐಸ್ಲಾ ಟೀಚರ್ ಜೊತೆ ಗೋಡೆಯ ಬುಡಕ್ಕೆ ಹೋಗಿದ್ದೆ. ಮಾರ್ಚಿನಿಂದ ಸೋರುತ್ತಿದ್ದದ್ದು ತಿಳಿನೀರು. ಇವತ್ತು ಬಟ್ಟಲಲ್ಲಿ ಹಿಡಿದು ನೋಡಿದೆವು: ಬೂದು ಬಣ್ಣ. ಒಳಗಿನ ಕೆಸರೇ ಹೊರಗೆ ಬರುತ್ತಿದೆ. ಫ್ರಿಕರನಿಗೆ ಫೋನ್ ಮಾಡಿದೆ. ಅವನನ್ನು ಬೇರೆ ಊರಿಗೆ ವರ್ಗ ಮಾಡಿದ್ದಾರೆ. ಬಣ್ಣ ಕೇಳಿದ. ಹೇಳಿದೆ. ‘ಸಾರ್, ಸಹಿಯ ಮಾತು ಆಮೇಲೆ. ಮಕ್ಕಳನ್ನ ಆ ಕಡೆ ಬಿಡ್ಬೇಡಿ’ ಎಂದು ಮೂರು ಸಲ ಹೇಳಿದ. ಹವಾಮಾನದವರು ಇನ್ನೂ ಎರಡು ದಿನ ಮಳೆ ಎನ್ನುತ್ತಿದ್ದಾರೆ.

ಆದ್ದರಿಂದ ಕೇಳಿ. ಚಪ್ಪಾಳೆ ಬೇಡ, ಬೈಗುಳವೂ ಈಗ ಬೇಡ. ನನ್ನ ಮೇಲೆ ಉಗುಳಬೇಕೆಂದಿರುವ ಗೋಲ್ಡ್ಸ್‌ವರ್ದಿ, ಬಾರ್ಬೆಟ್ಟಿ ಮನೆಯವರು ಹೊರಗೆ ಮೆಟ್ಟಿಲ ಬಳಿ ನಿಲ್ಲಿ, ನಾನು ಆ ಬಾಗಿಲಿನಿಂದಲೇ ಬರುತ್ತೇನೆ.

ನಾಳೆ ಬೆಳಿಗ್ಗೆ ಏಳಕ್ಕೆ ಪೊಲೀಸ್ ಠಾಣೆಗೆ ಹೋಗಿ ಸಾರ್ಜೆಂಟ್ ಮುಂದೆ ಪ್ರಮಾಣ ಮಾಡಿ ಇದನ್ನೆಲ್ಲ ಬರೆದುಕೊಡುತ್ತೇನೆ. ಏಳೂವರೆಗೆ ಅಂಚೆ ಕಚೇರಿಯಿಂದ ಅಡಿಲೇಡಿನ ಪತ್ರಿಕೆಗೆ ಫೋನ್ ಮಾಡಿ, ಆರ್ಮಿಸ್ಟನ್‌ನ ಲಕೋಟೆಯಲ್ಲಿ ಏನಿದೆಯೆಂದು ಅವನಿಗಿಂತ ಮುಂಚೆ ನಾನೇ ಹೇಳುತ್ತೇನೆ. ಆಮೇಲೆ ಡಲ್ಸಿಗೆ ಫೋನ್ ಮಾಡಿ, ಮಗಳೇ, ಇನ್ನು ಆ ಲಕೋಟೆಗೆ ಬೆಲೆಯಿಲ್ಲ, ಈಗ ನೀನು ಹಾಕುವ ಸಹಿ ನಿನ್ನದೊಬ್ಬಳದೇ ಎನ್ನುತ್ತೇನೆ. ಅವಳು ಫೋನ್ ತೆಗೆಯದಿದ್ದರೆ ಆಪ್ತ ಕಾರ್ಯದರ್ಶಿಯ ಕಿವಿಗೆ, ಕೊನೆಯ ಬೆಂಚಿಗೆ ಮುಟ್ಟುವ ಧ್ವನಿಯಲ್ಲಿ ಹೇಳುತ್ತೇನೆ. ಎಂಟೂ ಕಾಲಿಗೆ, ಗಂಟೆ ಹೊಡೆಯುವ ಮುಂಚೆ, ನನ್ನ ಅಡುಗೆಮನೆಯ ಕುರ್ಚಿಯನ್ನು ಶಾಲೆಯ ಗೇಟಿಗೆ ಅಡ್ಡ ಹಾಕಿಕೊಂಡು ಮಳೆಯಲ್ಲಿ ಕೂರುತ್ತೇನೆ. ಎಂಬತ್ತನಾಲ್ಕರಲ್ಲಿ ಒಂದು ಮಗುವನ್ನೂ ಒಳಗೆ ಬಿಡುವುದಿಲ್ಲ.

ಕ್ಲಾರೆನ್ಸ್ ಪೆನ್‌ಬರ್ತಿ